ನಾಮಿನಿ ಅಣ್ಣ, ಉಯಿಲು ತಂಗಿಗೆ: ಮುಲುಂಡಿನ ಫ್ಲ್ಯಾಟ್ ಯಾರಿಗೆ?

ಹೌಸಿಂಗ್ ಸೊಸೈಟಿಯಲ್ಲಿ ನಾಮಿನಿ ಎಂದು ನಿಮ್ಮ ಅಣ್ಣನ ಹೆಸರಿದೆ, ತಂದೆಯವರಿಗೆ ಮುಂಬಯಿಯ ಮುಲುಂಡಿನ ಫ್ಲ್ಯಾಟನ್ನು ತಂಗಿಗೆ ಬಿಟ್ಟುಹೋಗುವ ಮನಸ್ಸಿದೆ, ಉಯಿಲು ಕನ್ನಡದಲ್ಲಿ ನಡೆಯುತ್ತದೆಯೇ ಎಂದು ಕೇಳಿದ್ದೀರಿ.

ನಡೆಯುತ್ತದೆ. ನಾಮಿನಿ ಮಾಲೀಕನಲ್ಲ. ಮಹಾರಾಷ್ಟ್ರದ ಸಹಕಾರಿ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ನಿಜವಾದ ಹಕ್ಕುದಾರರು ಸೇರುವ ತನಕ ಅವನು ತಾತ್ಕಾಲಿಕ ಸದಸ್ಯ ಅಷ್ಟೆ. ಆದರೂ ತಂದೆಯವರು ಇರುವಾಗಲೇ ನಾಮಿನೇಷನ್ ಫಾರ್ಮ್ ಬದಲಿಸಿ ತಂಗಿಯ ಹೆಸರು ಹಾಕಿಸಲಿ. ಒಂದು ಕಾಗದದಲ್ಲಿ ಒಬ್ಬರ ಹೆಸರು, ಇನ್ನೊಂದರಲ್ಲಿ ಇನ್ನೊಬ್ಬರದು ಇದ್ದರೆ ಜಗಳಕ್ಕೆ ಬೇರೆ ಕಾರಣ ಬೇಡ.

ಉಯಿಲಿಗೆ ಸಾದಾ ಕಾಗದ ಸಾಕು; ಸ್ಟ್ಯಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವಲ್ಲ. ಆದರೆ ಮೂಲಪ್ರತಿ ಕಾಣೆಯಾದರೂ ದೃಢೀಕೃತ ನಕಲು ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನೋಂದಣಿ ಮಾಡಿಸಿ ಎನ್ನುತ್ತೇನೆ. ತಂದೆಯವರಿಗೆ ಓದಲು ಬರುವುದು ಕನ್ನಡವಾದರೆ ಉಯಿಲು ಕನ್ನಡದಲ್ಲೇ ಇರಲಿ. ಇಂಗ್ಲಿಷ್ ಟೈಪಿನ ಕೆಳಗೆ ಅವರ ಕನ್ನಡ ಸಹಿ ಇದ್ದರೆ, ‘ಒಳಗೇನಿದೆ ಎಂದೇ ಅವರಿಗೆ ಗೊತ್ತಿರಲಿಲ್ಲ’ ಎಂದು ಮುಂದೆ ವಾದಿಸುವುದು ಸುಲಭ. ವಕೀಲರು ಇಂಗ್ಲಿಷೇ ಬೇಕೆಂದರೆ, ಕನ್ನಡದಲ್ಲಿ ಓದಿ ವಿವರಿಸಿದ್ದಾಗಿ ಒಂದು ಸಾಲು ಬರೆಸಿ, ವಿವರಿಸಿದವರ ಸಹಿ ಹಾಕಿಸಿ.

ಸಾಕ್ಷಿಗಳು ಕನಿಷ್ಠ ಇಬ್ಬರು. ತಂದೆಯವರು ಸಹಿ ಹಾಕುವುದನ್ನು ಕಣ್ಣಾರೆ ನೋಡಿ, ಅವರೆದುರಿಗೇ ತಾವೂ ಹಾಕಬೇಕು. ಮುಂದೆ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾದೀತು, ಹಾಗಾಗಿ ತಂದೆಯ ವಯಸ್ಸಿನ ಸ್ನೇಹಿತರಿಗಿಂತ ನಲವತ್ತರ ಆಸುಪಾಸಿನವರು ಮೇಲು. ತಂಗಿ, ಅವಳ ಗಂಡ ಇಬ್ಬರೂ ಸಾಕ್ಷಿ ಹಾಕುವುದು ಬೇಡ.

ಮುಂಬಯಿಯವರು ಎಡವುವುದು ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿನಲ್ಲಿ. ಉಯಿಲಿಗೆ ಜೀವ ಬರುವುದು ಬರೆದವರು ತೀರಿಕೊಂಡ ಮೇಲೆ. ‘ಮೂರನೇ ಮಹಡಿಯ 302’ ಎಂದಷ್ಟೇ ಬರೆದು, ಅಷ್ಟರೊಳಗೆ ಕಟ್ಟಡವೇ ನೆಲಸಮವಾಗಿದ್ದರೆ, ‘ಉಯಿಲಿನಲ್ಲಿ ಹೇಳಿದ ವಸ್ತುವೇ ಇಲ್ಲ, ಹೊಸ ಫ್ಲ್ಯಾಟು ಎಲ್ಲರಿಗೂ ಸೇರಬೇಕು’ ಎಂಬ ತಕರಾರು ಏಳುತ್ತದೆ. ಸೊಸೈಟಿ ತನ್ನ ಸದಸ್ಯರಿಗೆ ಕೊಡುವ ಶೇರ್ ಸರ್ಟಿಫಿಕೇಟಿನ ನಂಬರ್ ನಮೂದಿಸಿ ಹೀಗೆ ಬರೆಸಿ: “ಈ ಫ್ಲ್ಯಾಟ್, ಇದಕ್ಕೆ ಸಂಬಂಧಿಸಿದ ಸೊಸೈಟಿಯ ಶೇರುಗಳು, ಹಾಗೂ ಇದರ ಬದಲಿಗೆ ಬರುವ ಹೊಸ ಫ್ಲ್ಯಾಟ್, ಬಾಡಿಗೆ ಹಣ, ಕಾರ್ಪಸ್ ಮೊತ್ತ ಎಲ್ಲವೂ ನನ್ನ ಮಗಳಿಗೆ.” (ಬಾಡಿಗೆ ಹಣ, ಕಾರ್ಪಸ್ ಎಂದರೆ ಹೊಸ ಕಟ್ಟಡ ಏಳುವ ತನಕ ಬಿಲ್ಡರ್ ಕೊಡುವ ಬಾಡಿಗೆ, ಮತ್ತು ಅವನು ಕೊಡುವ ಇಡಿಗಂಟು.) ಕೊನೆಗೆ ‘ಇಲ್ಲಿ ಹೇಳದೆ ಉಳಿದ ನನ್ನ ಆಸ್ತಿಯೆಲ್ಲ ಇಂಥವರಿಗೆ’ ಎಂಬ ಸಾಲೂ ಬೇಕು. ಅದಿಲ್ಲದಿದ್ದರೆ ಮರೆತುಹೋದ ಎಫ್‌ಡಿಯೊಂದು ಉಯಿಲಿನ ಹೊರಗೇ ಉಳಿಯುತ್ತದೆ.

ತಮ್ಮದಲ್ಲದ್ದನ್ನು ಬರೆಯುವಂತಿಲ್ಲ. ತಾಯಿಗೆ ತವರಿನಿಂದ ಬಂದ ಬಂಗಾರ ತಾಯಿಯದು. ಊರಿನ ಪಿತ್ರಾರ್ಜಿತ ಗದ್ದೆಯಲ್ಲಿ ತಂದೆಯವರು ಬರೆಯಬಹುದಾದದ್ದು ತಮ್ಮ ಪಾಲನ್ನು ಮಾತ್ರ.

ಅಣ್ಣನಿಗೆ ಫ್ಲ್ಯಾಟ್ ಏಕಿಲ್ಲ ಎಂಬುದನ್ನೂ ತಂದೆಯವರು ತಮ್ಮ ಮಾತಿನಲ್ಲೇ ಎರಡು ಸಾಲು ಬರೆಯಲಿ. ಕಾನೂನು ಅದನ್ನು ಕೇಳುವುದಿಲ್ಲ. ಆದರೆ ಅಣ್ಣ ಕೇಳುತ್ತಾನೆ, ಉತ್ತರ ಹೇಳಲು ಆಗ ಅವರಿರುವುದಿಲ್ಲ.