ಮೊದಲನೇ ಮಹಡಿಯಲ್ಲಿ ಟ್ರೆಡ್‌ಮಿಲ್ ಇಟ್ಟಿದ್ದೇವೆ, ಕೆಳಗಿನ ಮನೆಗೆ ಸದ್ದು ಹೋಗದ ಹಾಗೆ ಏನು ಮಾಡಬೇಕು?

ನೀವು ಬರೆದಿರೋದು ಇಷ್ಟು: ಮಹಡಿ ಮೇಲೆ ಬಾಡಿಗೆಗಿದ್ದೀರಿ, ಮಳೆಗಾಲಕ್ಕೆ ಅಂತ ಟ್ರೆಡ್‌ಮಿಲ್ ತಂದಿರಿ, ಅಡಿಗೆ ಯೋಗ ಮ್ಯಾಟ್ ಹಾಸಿದರೂ ಕೆಳಗಿನವರ ದೂರು ನಿಂತಿಲ್ಲ. ನಿಮ್ಮ ಕಿವಿಗೆ ಮಾತ್ರ ಮಷಿನ್ ಅಂಥಾ ಸದ್ದೇನೂ ಮಾಡ್ತಿಲ್ಲ. ನಮ್ಮ ಮನೆಯಲ್ಲೂ ಹೋದ ವರ್ಷ ಹೀಗೇ ಆಗಿತ್ತು, ಅದಕ್ಕೇ ಉದ್ದ ಬರೀತಿದ್ದೇನೆ.

ನಾವಿರೋದು ಶಿವಮೊಗ್ಗದ ವಿನೋಬನಗರದಲ್ಲಿ. ಕೆಳಗಿನ ಮನೆಯಲ್ಲಿ ಓನರ್ ಅಜ್ಜಿ ಒಬ್ಬರೇ. ನಮ್ಮ ಯಜಮಾನ್ರಿಗೆ ಶುಗರ್ ಅಂತ ಗೊತ್ತಾದ ಮೇಲೆ ಡಾಕ್ಟರು ದಿನಾ ಮುಕ್ಕಾಲು ಗಂಟೆ ನಡೀಲೇಬೇಕು ಅಂದರು. ಬೇಸಿಗೆಯಲ್ಲಿ ಹೇಗೋ ಆಗುತ್ತೆ. ಪುನರ್ವಸು ಮಳೆ ಹಿಡಿದ ಮೇಲೆ ಈ ಕಡೆ ವಾಕಿಂಗ್ ಅನ್ನೋ ಮಾತೇ ಇಲ್ಲ, ಒಂದೊಂದು ವಾರ ಸೂರ್ಯನ ಮುಖ ಕಾಣೋದಿಲ್ಲ. ಹಾಗಾಗಿ ಮಷಿನ್ ತಂದೆವು. ಹತ್ತು ದಿನ ಆಗಿತ್ತೇನೋ, ಹೂ ಕೊಯ್ಯಲು ಕೆಳಗಿಳಿದಾಗ ಅಜ್ಜಿ ಮೆಲ್ಲಗೆ ಕೇಳಿದರು, "ಬೆಳಿಗ್ಗೆ ಬೆಳಿಗ್ಗೆ ಮೇಲೆ ಎಂಥ ಕುಟ್ತೀರಿ ಮಾರಾಯ್ತಿ? ಒನಕೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ ಕೇಳ್ತದೆ." ಅವರು ಸಿಟ್ಟಿನಿಂದ ಹೇಳಲಿಲ್ಲ. ಹತ್ತು ದಿನ ಸುಮ್ಮನೆ ಸಹಿಸಿಕೊಂಡಿದ್ದರಲ್ಲ ಅಂತ ನನಗೆ ಬಹಳ ಬೇಜಾರಾಯ್ತು.

ಅವತ್ತು ನಾನು ಮಾಡಿದ ಒಂದು ಕೆಲಸವನ್ನು ನೀವು ದುಡ್ಡು ಬಿಚ್ಚುವ ಮೊದಲೇ ಮಾಡಿ: ಕೆಳಗಿನ ಮನೆಗೆ ಹೋಗಿ ಕೂತು ಕೇಳಿ. ಯಜಮಾನ್ರನ್ನು ಮೇಲೆ ಬಿಟ್ಟು ಅಜ್ಜಿಯ ಮಲಗೋ ಕೋಣೆಯಲ್ಲಿ ಕೂತೆ, ಫೋನಿನಲ್ಲಿ ಒಂದೊಂದೇ ಹೇಳ್ತಾ ಹೋದೆ. ಮೊದಲು ಯಾರೂ ಹತ್ತದೆ ಖಾಲಿ ಮಷಿನ್ ಓಡಿಸಿದರು. ಏನೂ ಕೇಳಲಿಲ್ಲ. ಆಮೇಲೆ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರು, ಪಕ್ಕದ ಕೋಣೆಯಲ್ಲಿ ಯಾರೋ ಓಡಾಡಿದ ಹಾಗೆ ಕೇಳಿತು. ಎಂಟಕ್ಕೆ ಏರಿಸಿ ಓಡಿದಾಗ ನೋಡಿ, ಗೋಡೆಗೆ ಅಂಗೈ ಇಟ್ಟರೆ ಒಂದೊಂದು ಹೆಜ್ಜೆಯೂ ಕೈಗೆ ತಟ್ಟುತ್ತಿತ್ತು. ಮಂಚದ ಪಕ್ಕ ಸ್ಟೂಲಿನ ಮೇಲೆ ತಾಮ್ರದ ಚೊಂಬಿನಲ್ಲಿ ನೀರಿತ್ತು, ಅದರ ಮೇಲೆ ಸಣ್ಣ ಸಣ್ಣ ಬಳೆ ಎದ್ದು ಅಂಚಿಗೆ ಬಡೀತಿದ್ದವು. ಅಡುಗೆಮನೆ ಸ್ಟ್ಯಾಂಡಿನಲ್ಲಿ ಸ್ಟೀಲ್ ತಟ್ಟೆಗಳು ಕಿಣಿಕಿಣಿ ಅಂತಿದ್ದವು.

ವಿಷಯ ಅಲ್ಲೇ ಅರ್ಥವಾಯ್ತು. ಮೇಲಿದ್ದವರಿಗೆ ಕೇಳೋದು ಮೋಟಾರಿನ ಸದ್ದು, ಅದು ಗಾಳಿಯಲ್ಲಿ ಹರಡುತ್ತೆ, ಬಾಗಿಲು ಹಾಕಿದರೆ ಬಹುಪಾಲು ಅಲ್ಲೇ ಉಳಿಯುತ್ತೆ. ಕೆಳಗಿನವರಿಗೆ ಕೇಳೋದು ಹೆಜ್ಜೆಯ ಹೊಡೆತ. ಓಡುವಾಗ ಒಂದೊಂದು ಹೆಜ್ಜೆಗೂ ಮೈತೂಕದ ಎರಡು ಮೂರು ಪಟ್ಟು ಬಲ ಬೀಳುತ್ತೆ, ನಿಮಿಷಕ್ಕೆ ನೂರೈವತ್ತಕ್ಕೂ ಮೇಲೆ ಹೆಜ್ಜೆ. ಅದು ಮಷಿನಿನ ಕಾಲಿನಿಂದ ಟೈಲ್ಸ್‌ಗೆ, ಅಲ್ಲಿಂದ ಸ್ಲ್ಯಾಬಿಗೆ ಇಳಿದು ಕೆಳಗಿನ ಇಡೀ ತಾರಸಿಯನ್ನೇ ಡೋಲಿನ ಹಾಗೆ ಬಡಿಯುತ್ತೆ. ಹಾಗಾಗಿ "ಸೈಲೆಂಟ್ ಮೋಟಾರ್" ಅಂತ ಜಾಸ್ತಿ ದುಡ್ಡು ಕೊಟ್ಟರೆ ಕೆಳಗಿನವರಿಗೆ ಒಂದು ಕಾಸಿನ ಉಪಯೋಗ ಇಲ್ಲ. ಮೊಬೈಲಿನ ಡೆಸಿಬಲ್ ಆ್ಯಪನ್ನೂ ಇದಕ್ಕೆ ನಂಬಬೇಡಿ. ಅವು ಸಾಮಾನ್ಯವಾಗಿ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ಲೆಕ್ಕದಲ್ಲಿ ತೋರಿಸುತ್ತವೆ, ಆ ಲೆಕ್ಕದಲ್ಲಿ 50 ಹರ್ಟ್ಸ್ ಆಸುಪಾಸಿನ ದಪ್ಪ ಸದ್ದಿಗೆ 30 ಡೆಸಿಬಲ್‌ನಷ್ಟು ಕಳೆದುಬಿಡುತ್ತಾರೆ. ಧುಮ್ ಧುಮ್ ಅನ್ನೋ ಸದ್ದು ಬರೋದು ಆ ಭಾಗದಲ್ಲೇ. ಚೊಂಬಿನ ನೀರು ನೋಡಿ, ಅದು ಸರಿಯಾಗಿ ಹೇಳುತ್ತೆ.

ಯೋಗ ಮ್ಯಾಟ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಐವತ್ತು ಅರವತ್ತು ಕೆ.ಜಿ. ಮಷಿನ್, ಅದರ ಮೇಲೆ ಒಬ್ಬ ಮನುಷ್ಯ, ಇಷ್ಟೂ ಭಾರ ನಾಲ್ಕೇ ಕಾಲಿನ ಮೇಲೆ. ಆ ನಾಲ್ಕು ಜಾಗದಲ್ಲಿ ಮ್ಯಾಟ್ ಅಪ್ಪಚ್ಚಿಯಾಗಿ ಕಾಗದದಷ್ಟು ತೆಳ್ಳಗಾಗಿರುತ್ತೆ, ಎತ್ತಿ ನೋಡಿ, ಗುಳಿ ಬಿದ್ದಿರುತ್ತೆ. ಮಕ್ಕಳಿಗೆ ಹಾಸುವ ಬಣ್ಣಬಣ್ಣದ ಜೋಡಣೆ ಮ್ಯಾಟ್ ಕತೆಯೂ ಅಷ್ಟೇ. ಬೇಕಾಗಿರೋದು ಗಟ್ಟಿ ರಬ್ಬರ್, ಮತ್ತೆ ಭಾರವನ್ನು ಅಷ್ಟಗಲಕ್ಕೂ ಹಂಚುವ ಒಂದು ಹಲಗೆ.

ರಬ್ಬರಿನ ಯೋಚನೆ ನನಗೆ ಬಂದದ್ದು ತವರುಮನೆಯ ಕೊಟ್ಟಿಗೆಯಲ್ಲಿ. ತೀರ್ಥಹಳ್ಳಿ ಕಡೆ ನಮ್ಮಣ್ಣ ದನಗಳ ಕಾಲಡಿಗೆ ಕೌ ಮ್ಯಾಟ್ ಹಾಕಿಸಿದ್ದಾನೆ. ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ಹೆಬ್ಬೆರಳಿನಷ್ಟು ದಪ್ಪ, ಅಡಿಯಲ್ಲಿ ನೀರು ಹರಿಯಲು ಗೀರು ಇರುತ್ತೆ. ನಾನೂರು ಕೆ.ಜಿ. ಹಸು ಎದ್ದು ಮಲಗಿದರೂ ಅದು ಚಪ್ಪಟೆಯಾಗೋದಿಲ್ಲ. ಟ್ರೆಡ್‌ಮಿಲ್ ಉದ್ದಗಲಕ್ಕೆ ಹೇಳಿ ಮಾಡಿಸಿದ ಹಾಗಿದೆ. ಪಶು ಆಹಾರ, ಹಾಲು ಕರೆಯುವ ಮಷಿನ್ ಮಾರುವ ಅಂಗಡಿಗಳಲ್ಲಿ ಕೇಳಿ. ಜಿಮ್ ಮ್ಯಾಟ್ ಅಂತ ಮಾರುವುದಕ್ಕಿಂತ ನನಗೆ ಇದೇ ಮೇಲು ಅನಿಸಿತು. ಒಂದೇ ತೊಂದರೆ ವಾಸನೆ. ನಾಲ್ಕೈದು ದಿನ ತಾರಸಿಯ ಬಿಸಿಲಿಗೆ ಹಾಕಿ, ಸೋಪಿನ ನೀರಲ್ಲಿ ತಿಕ್ಕಿ ಒಣಗಿಸಿದ ಮೇಲೆ ಒಳಗೆ ತನ್ನಿ. ಮಳೆ ಶುರುವಾದ ಮೇಲೆ ಕೊಂಡರೆ ಈ ಕೆಲಸಕ್ಕೆ ಬಿಸಿಲೇ ಸಿಗೋದಿಲ್ಲ.

ನಾವು ಜೋಡಿಸಿದ್ದು ಹೀಗೆ: ಟೈಲ್ಸ್ ಮೇಲೆ ಕೌ ಮ್ಯಾಟ್, ಗೀರಿನ ಭಾಗ ಕೆಳಗೆ. ಅದರ ಮೇಲೆ ಅಷ್ಟೇ ಅಳತೆಗೆ ಕುಯ್ಸಿದ 18 ಎಂ.ಎಂ. ಪ್ಲೈವುಡ್. ಅದರ ಮೇಲೆ ಮಷಿನಿನ ಕಾಲು ಬರುವ ಕಡೆ ಮಾತ್ರ ರಬ್ಬರಿನ ತುಂಡುಗಳು, ಅಂಗೈಯಗಲ. ಪ್ಲೈವುಡ್ ಗೋಡೆಗೆ ತಾಗಬಾರದು, ನಾಲ್ಕು ಬೆರಳು ಬಿಡಿ, ತಾಗಿದರೆ ಅದುರು ಗೋಡೆ ಹಿಡಿದು ಇಳಿಯುತ್ತೆ. ಮೆತ್ತಗಿದ್ದಷ್ಟೂ ಒಳ್ಳೇದು ಅಂತ ಹಳೇ ಹಾಸಿಗೆ, ಸೋಫಾ ಸ್ಪಂಜು ಹಾಕೋಕೆ ಹೋಗಬೇಡಿ. ಮಷಿನ್ ತೂಗಾಡುತ್ತೆ, ಓಡುವವರು ಬೀಳ್ತಾರೆ.

ಎಲ್ಲಿ ಇಡಬೇಕು ಅನ್ನೋದು ಮ್ಯಾಟಿನಷ್ಟೇ ಮುಖ್ಯ, ಇದಕ್ಕೆ ಖರ್ಚೂ ಇಲ್ಲ. ಕೋಣೆಯ ನಟ್ಟನಡುವೆ ಸ್ಲ್ಯಾಬ್ ಹೆಚ್ಚು ಬಾಗುತ್ತೆ, ಬೀಮ್ ಮತ್ತು ಗೋಡೆ ಇರುವ ಕಡೆ ಕಡಿಮೆ. ಕೆಳಗೂ ಗೋಡೆ ಇರುವ ಮೂಲೆ ಹುಡುಕಿ, ಗೋಡೆಗುಂಟ ಉದ್ದಕ್ಕೆ ಇಡಿ. ಕೆಳಗೆ ಮಲಗೋ ಕೋಣೆ ಬೇಡ, ಅಡುಗೆಮನೆಯೋ ಬಚ್ಚಲೋ ಇದ್ದರೆ ಆ ಜಾಗ. ನಮ್ಮದನ್ನು ಹಾಲಿನಿಂದ ಅಡುಗೆಮನೆ ಪಕ್ಕದ ಮೂಲೆಗೆ ಸರಿಸಿದ್ದಕ್ಕೇ ಅಜ್ಜಿಯ ಮಂಚದ ಹತ್ತಿರ ಗೊತ್ತಾಗುವಷ್ಟು ಕಡಿಮೆಯಾಯ್ತು. ಮಷಿನಿನ ಹಿಂದೆ ಮಾತ್ರ ಆರಡಿಯಷ್ಟು ಖಾಲಿ ಬಿಡಲೇಬೇಕು. ಕಾಲು ತಪ್ಪಿದರೆ ಬೆಲ್ಟ್ ಹಿಂದಕ್ಕೆ ಎಸೆಯುತ್ತೆ, ಅಲ್ಲಿ ಗೋಡೆಯೋ ಬೀರುವೋ ಇರಬಾರದು. ಹೊರಚಾಚಿದ ಬಾಲ್ಕನಿಯಲ್ಲಿ ಬೇಡ, ಅಲ್ಲಿ ಸ್ಲ್ಯಾಬಿನ ಒಂದು ಕಡೆಗೆ ಮಾತ್ರ ಆಧಾರ, ಮೇಲಾಗಿ ಎರಚಲು ಬೇರೆ. ನಿಮ್ಮದು ಹಳೇ ಕಾಲದ ಹಂಚಿನ ಮನೆ, ಮರದ ತೊಲೆಯ ಉಪ್ಪರಿಗೆ ಅಂತಾದರೆ, ಓಡುವ ಮಷಿನನ್ನು ಮೇಲೆ ಹತ್ತಿಸಲೇಬೇಡಿ. ಆ ಹಲಗೆಯ ನೆಲಕ್ಕೆ ಎಂಥ ರಬ್ಬರ್ ಹಾಕಿದರೂ ತಡೆಯೋದಿಲ್ಲ.

ಇನ್ನು ಮಷಿನ್. ಇಟ್ಟ ಮೇಲೆ ರಸಮಟ್ಟ ಇಟ್ಟು ನೋಡಿ, ಗಾರೆಯವರ ಹತ್ತಿರ ಇರುತ್ತೆ. ಒಂದು ಕಾಲು ಕೂದಲೆಳೆಯಷ್ಟು ಎದ್ದಿದ್ದರೂ ಹೆಜ್ಜೆ ಹೆಜ್ಜೆಗೂ ಟಕ್ ಅನ್ನುತ್ತೆ. ಅಡಿಯ ಕಾಲಿನ ತಿರುಪು ತಿರುಗಿಸಿ ಸರಿ ಮಾಡಬಹುದು.

ನಮಗೆ ಜೋಡಿಸಿಕೊಟ್ಟ ಹುಡುಗ ಬೆಲ್ಟನ್ನು ವೀಣೆ ತಂತಿಯ ಹಾಗೆ ಬಿಗಿದು ಹೋಗಿದ್ದ. ಮೋಟಾರು ಗುಂಯ್ ಅಂತ ಒಂದೇ ಸಮ ಅಳ್ತಿತ್ತು. ಪ್ಲಗ್ ಕಿತ್ತು, ಬೆಲ್ಟಿನ ನಡುಭಾಗದಲ್ಲಿ ಅಂಚು ಹಿಡಿದು ಎತ್ತಿದರೆ ಎರಡು ಮೂರು ಇಂಚು ಏಳಬೇಕು. ಏಳದಿದ್ದರೆ ಹಿಂದಿನ ಎರಡು ಬೋಲ್ಟನ್ನೂ ಸಮಸಮವಾಗಿ ಕಾಲು ಸುತ್ತು ಸಡಿಲಿಸಿ, ಮತ್ತೆ ನೋಡಿ. ಬೆಲ್ಟ್ ಒಂದು ಪಕ್ಕಕ್ಕೆ ಸರಿದು ಅಂಚು ಉಜ್ಜುತ್ತಿದ್ದರೆ, ಯಾವ ಕಡೆಗೆ ಸರಿದಿದೆಯೋ ಆ ಕಡೆಯ ಬೋಲ್ಟನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ, ನಿಧಾನ ವೇಗದಲ್ಲಿ ಎರಡು ನಿಮಿಷ ಖಾಲಿ ಓಡಿಸಿ. ಅವಸರ ಮಾಡಿ ಪೂರ್ತಿ ಸುತ್ತು ತಿರುಗಿಸಿದರೆ ಇನ್ನೊಂದು ಪಕ್ಕಕ್ಕೆ ಓಡುತ್ತೆ.

ಎಣ್ಣೆ ಅಂದರೆ ಶುದ್ಧ ಸಿಲಿಕೋನ್ ಎಣ್ಣೆ ಮಾತ್ರ. ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಬೆಲ್ಟಿನ ಅಡಿಗೆ ಬಿಡಬೇಡಿ, ಬೆಲ್ಟ್ ಹಾಳಾಗುತ್ತೆ. ಪ್ಲಗ್ ಕಿತ್ತೇ ಬೆಲ್ಟಿನಡಿಗೆ ಕೈ ತೂರಿಸಿ ಹಲಗೆ ಮುಟ್ಟಿ ನೋಡಿ, ಒಣಕಲಾಗಿದ್ದರೆ ಒಂದೊಂದು ಪಕ್ಕಕ್ಕೆ ಎರಡು ಚಮಚ ಸಾಕು. ಸುರಿದರೆ ಬೆಲ್ಟ್ ಜಾರುತ್ತೆ, ಧೂಳು ಅಂಟುತ್ತೆ.

ಮಲೆನಾಡಿನವರಿಗೆ ಇದರ ಜೊತೆ ಥಂಡಿಯ ಕಾಟ ಬೇರೆ. ಬೆಲ್ಟಿನಡಿಯ ಹಲಗೆ ಮರದ ಪುಡಿ ಒತ್ತಿ ಮಾಡಿದ್ದು, ನೀರು ಕುಡಿದರೆ ಉಬ್ಬುತ್ತೆ. ರೋಲರ್ ಬೇರಿಂಗಿಗೆ ತುಕ್ಕು ಹಿಡಿದರೆ ವೇಗ ಹೆಚ್ಚಿದಷ್ಟೂ ಗರಗರ ಅನ್ನುತ್ತೆ. ಗೋಡೆ ಬೆವರುವ ಕೋಣೆಯಲ್ಲಿ ಇಡಬೇಡಿ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡೋದಕ್ಕಿಂತ ದಿನಾ ಹತ್ತು ನಿಮಿಷ ಓಡಿಸೋದು ಮಷಿನಿಗೂ ಒಳ್ಳೇದು. ಮನೆ ಇನ್ವರ್ಟರಿಗೆ ಕೊಡಬೇಡಿ, ಅರ್ತಿಂಗ್ ಸರಿಯಿರುವ 16 ಆಂಪ್ ಪ್ಲಗ್ ಪಾಯಿಂಟ್ ಇರಲಿ. ಗುಡುಗು ಮಳೆಯಲ್ಲಿ ಕರೆಂಟ್ ಯಾವಾಗ ಬೇಕಾದರೂ ಹೋಗುತ್ತೆ, ಬೆಲ್ಟ್ ಗಕ್ಕನೆ ನಿಂತರೆ ಮುಗ್ಗರಿಸ್ತೀರಿ. ಹಿಡಿಕೆ ಕೈಗೆ ಸಿಗೋ ಹಾಗಿರಲಿ.

ಇಷ್ಟೆಲ್ಲ ಮಾಡಿದ ಮೇಲೆ ಮತ್ತೆ ಅಜ್ಜಿಯ ಕೋಣೆಯಲ್ಲಿ ಕೂತೆ. ನಡೆದಾಗ ಚೊಂಬಿನ ನೀರು ಅಲುಗಲಿಲ್ಲ. ಓಡಿದಾಗ ತಟ್ಟೆಗಳ ಕಿಣಿಕಿಣಿ ನಿಂತಿತ್ತು, ಆದರೆ ನೀರಿನ ಮೇಲೆ ಬಳೆ ಇನ್ನೂ ತೆಳ್ಳಗೆ ಏಳ್ತಿತ್ತು. ಇದನ್ನು ನಿಮ್ಮಿಂದ ಮುಚ್ಚಿಡೋದಿಲ್ಲ: ಆ ದಪ್ಪ ಹೊಡೆತವನ್ನು ರಬ್ಬರ್ ಕಡಿಮೆ ಮಾಡುತ್ತೆ, ಪೂರ್ತಿ ನುಂಗೋದಿಲ್ಲ.

ಅದಕ್ಕೆ ನಾವು ಮನೆಯಲ್ಲಿ ಓಡೋದನ್ನೇ ಬಿಟ್ಟು ಏರು ನಡಿಗೆಗೆ ಬಂದೆವು. ನಿಮ್ಮ ಮಷಿನಿಗೆ ಏರು ಇಳಿವು ಇದ್ದರೆ ಇದು ಎಲ್ಲಕ್ಕಿಂತ ದೊಡ್ಡ ಉಪಾಯ. ವ್ಯಾಯಾಮದ ಲೆಕ್ಕಾಚಾರದಲ್ಲಿ ಬಳಸುವ ಸೂತ್ರದ ಪ್ರಕಾರ 10 ಪರ್ಸೆಂಟ್ ಏರಿನಲ್ಲಿ ಗಂಟೆಗೆ 5 ಕಿ.ಮೀ. ನಡೆದರೆ ಸಮತಟ್ಟಿನಲ್ಲಿ 7 ಕಿ.ಮೀ. ವೇಗದಲ್ಲಿ ಓಡಿದಷ್ಟೇ ಆಮ್ಲಜನಕ ಖರ್ಚಾಗುತ್ತೆ. ನಡೆಯುವಾಗ ಒಂದು ಕಾಲು ಯಾವಾಗಲೂ ಬೆಲ್ಟಿನ ಮೇಲೇ ಇರುತ್ತೆ, ಮೇಲಿಂದ ಬಂದು ಬೀಳೋದಿಲ್ಲ. ಮಂಡಿಗೂ ಹಿತ. ಗುಡ್ಡ ಹತ್ತಿ ಬೆಳೆದವರಿಗೆ ಇದೇನು ಹೊಸದಲ್ಲ, ಹದಿನೈದು ನಿಮಿಷಕ್ಕೆ ಅಂಗಿ ಒದ್ದೆಯಾಗುತ್ತೆ. ಕೈಯಲ್ಲಿ ಹಿಡಿಕೆ ಹಿಡಿದು ಜೋತುಬೀಳಬೇಡಿ, ಶ್ರಮ ಅರ್ಧ ಅಲ್ಲೇ ಹೋಗುತ್ತೆ. ಶುಗರ್ ಇರುವವರು ಏರಿನ ಬಗ್ಗೆ ಒಂದು ಮಾತು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಹೊತ್ತಿನ ವಿಷಯ ನೇರವಾಗಿ ಮಾತಾಡಿಕೊಳ್ಳಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ರಾತ್ರಿ ಅಂತಲೇ ಲೆಕ್ಕ, ಆ ಹೊತ್ತಲ್ಲಂತೂ ಬೇಡ. ನಾನು ಅಜ್ಜಿಯನ್ನೇ ಕೇಳಿದೆ, "ಯಾವ ಹೊತ್ತಿಗೆ ಮಾಡಿದರೆ ನಿಮಗೆ ತೊಂದರೆ ಇಲ್ಲ?" ಅವರು, "ಏಳು ಗಂಟೆಗೆ ನಾನು ಪೂಜೆಗೆ ಕೂರ್ತೇನೆ, ಆವಾಗ ಬೇಡ. ಎಂಟಕ್ಕೆ ತಿಂಡಿಗೆ ಮಿಕ್ಸಿ ಹಾಕ್ತೇನೆ, ಆವಾಗ ಎಷ್ಟು ಬೇಕಾದ್ರೂ ನಡೀರಿ" ಅಂದರು. ಈಗ ಕೆಳಗೆ ಮಿಕ್ಸಿ ಸದ್ದು ಕೇಳಿದ ಕೂಡಲೇ ನಮ್ಮ ಯಜಮಾನ್ರು ಶೂ ಹಾಕ್ತಾರೆ.