ಗೋಧಿಯವರ ಕೂಗು, ಅಡಿಕೆಯವರ ಕೂಗು

ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಈಚೆಗೆ ಸಿಯಾಟಲ್‌ಗೆ ಬಂದಿದ್ದಾನೆ. ಚಳಿ, ಬಾಡಿಗೆ ಎಲ್ಲ ಕೇಳಿ ಕೊನೆಗೆ ಬರೆದಿದ್ದಾನೆ: "ಅಣ್ಣಾ, ಇಲ್ಲಿ ನಮ್ಮವರ ಸಭೆಗೆ ಹೋಗಿದ್ದೆ. ಸಂಸದರಿಗೆ ಫೋನ್ ಮಾಡಿ, ಚುನಾವಣೆಗೆ ದುಡ್ಡು ಕೊಡಿ, ಭಾರತಕ್ಕೆ ಒಳ್ಳೇದಾಗುತ್ತೆ ಅಂದ್ರು. ಇದರಿಂದೆಲ್ಲ ಅಮೆರಿಕದ ವಿದೇಶಾಂಗ ನೀತಿ ಬದಲಾಗುತ್ತಾ?"

ಚಳಿಗಿಂತ ಇಲ್ಲಿ ಮಳೆ ಜಾಸ್ತಿ ಮಾರಾಯ. ಆಗುಂಬೆ ಮಳೆ ಕಂಡವನಿಗೆ ಇದು ಬರೀ ಸೋನೆ. ಟೊಪ್ಪಿ ಇರುವ ಜಾಕೆಟ್ ಸಾಕು. ಬಸ್ ಓಡಾಡುವ ಕಡೆ ಮನೆ ನೋಡು.

ದುಡ್ಡಿನ ವಿಷಯ ಮಾತ್ರ ಸರಿಯಾಗಿ ಕೇಳಿಸಿಕೋ. ನೀನಿರುವುದು ಎಚ್-1ಬಿ, ಅಂದರೆ ಕೆಲಸಕ್ಕೆಂದು ಕೊಡುವ ತಾತ್ಕಾಲಿಕ ವೀಸಾದಲ್ಲಿ. ಗ್ರೀನ್ ಕಾರ್ಡ್ (ಇಲ್ಲೇ ಕಾಯಂ ಇರುವ ಪರವಾನಗಿ) ಇಲ್ಲದ ವಿದೇಶಿಯರು ಇಲ್ಲಿನ ಯಾವ ಚುನಾವಣೆಗೂ ಒಂದು ಡಾಲರ್ ಸಹ ಕೊಡುವಂತಿಲ್ಲ. ಔತಣಕ್ಕೆ ಕರೆದು, ಪರಿಚಯದವರೇ ಪಕ್ಕ ಕೂತು ಕೇಳುತ್ತಾರೆ. ದಾಕ್ಷಿಣ್ಯಕ್ಕೆ ಬೀಳಬೇಡ. ಫೋನ್ ಮಾಡುವುದಕ್ಕೆ ಅಡ್ಡಿಯಿಲ್ಲ. ಯಾರೋ ಕಾಲೇಜು ಹುಡುಗಿ ಎತ್ತುತ್ತಾಳೆ, ಹೆಸರು, ಪಿನ್‌ಕೋಡ್ ಕೇಳುತ್ತಾಳೆ, ಪರವೋ ವಿರೋಧವೋ ಬರೆದುಕೊಳ್ಳುತ್ತಾಳೆ. ಅಷ್ಟೇ.

ನೀತಿ ಬದಲಾಗುತ್ತಾ ಅಂದರೆ, ಆಗುತ್ತೆ. ಆದರೆ ಯಾರ ಹೊಟ್ಟೆಪಾಡು ಸಿಕ್ಕಿಕೊಂಡಿದೆಯೋ ಅವರ ಮಾತಿಗೆ. ನಾನು ಬಂದದ್ದು 1998ರಲ್ಲಿ. ಮೇ ತಿಂಗಳಲ್ಲಿ ಭಾರತ, ಅದರ ಹಿಂದೆಯೇ ಪಾಕಿಸ್ತಾನ ಅಣುಪರೀಕ್ಷೆ ಮಾಡಿದವು. ಇಬ್ಬರ ಮೇಲೂ ಅಮೆರಿಕ ನಿರ್ಬಂಧ ಹಾಕಿತು. ಆಫೀಸಿನಲ್ಲಿ ಊಟದ ಹೊತ್ತಿಗೆ ಅದೇ ಚರ್ಚೆ. ಎಲ್ಲರೂ ನನ್ನ ಮುಖ ನೋಡುವವರೇ, ಬಾಂಬ್ ನಾನೇ ಹೊತ್ತು ತಂದ ಹಾಗೆ. ಆದರೆ ಆ ನಿರ್ಬಂಧದಲ್ಲಿ, ಅಮೆರಿಕದ ಗೋಧಿ ಕೊಳ್ಳಲು ಆ ದೇಶಗಳಿಗೆ ಕೊಡುವ ಸಾಲವೂ ನಿಂತುಹೋಗುವುದರಲ್ಲಿತ್ತು. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ಬೆಟ್ಟ ದಾಟಿ ಪೂರ್ವಕ್ಕೆ ಹೋದರೆ ಬರೀ ಗೋಧಿ ಹೊಲ. ಅವರ ಬಿಳಿ ಗೋಧಿಗೆ ಪಾಕಿಸ್ತಾನ ದೊಡ್ಡ ಗಿರಾಕಿ. ಪಾಕಿಸ್ತಾನದವರು ಗೋಧಿ ಕೊಳ್ಳುವ ಟೆಂಡರ್ ಬೇರೆ ಹತ್ತಿರ ಬಂದಿತ್ತು. ರೈತರು ಗಲಾಟೆ ಎಬ್ಬಿಸಿದರು. ಜುಲೈ ಮಧ್ಯದ ಹೊತ್ತಿಗೆ ಇಂಥ ಸಾಲಕ್ಕೆ ನಿರ್ಬಂಧದಿಂದ ವಿನಾಯಿತಿ ಕೊಡುವ ಕಾನೂನಿಗೆ ಕ್ಲಿಂಟನ್ ಸಹಿ ಬಿತ್ತು. ಸೆನೆಟ್‌ನಲ್ಲಿ ವಿರುದ್ಧವಾಗಿ ಒಂದು ಮತವೂ ಇಲ್ಲ!

2008ರ ಭಾರತ-ಅಮೆರಿಕ ಅಣು ಒಪ್ಪಂದಕ್ಕೆ ಇಲ್ಲಿರುವ ನಮ್ಮವರೂ ಓಡಾಡಿದರು. ಈಗಲೂ ಸಭೆಗಳಲ್ಲಿ ಆ ಕಥೆ ಕೇಳುತ್ತೀಯ. ನನಗೂ ಹೆಮ್ಮೆಯೇ. ಆದರೆ ಬುಷ್ ಸರ್ಕಾರಕ್ಕೇ ಅದು ಬೇಕಿತ್ತು, ದೊಡ್ಡ ಕಂಪನಿಗಳಿಗೂ ಬೇಕಿತ್ತು. ಸುಮ್ನೆ ನಾವೇ ಮಾಡಿಸಿದ್ದು ಅನ್ನಬಾರದು. ಅದೇ ಕ್ಯಾಸ್ಟ್ರೋ ಆಳ್ವಿಕೆ ಬಿಟ್ಟು ಬಂದು ಫ್ಲೋರಿಡಾದಲ್ಲಿ ನೆಲೆಸಿದ ಕ್ಯೂಬಾದವರನ್ನು ನೋಡು, ಆ ಸರ್ಕಾರದ ಮೇಲೆ ಬಿಗಿ ಬೇಕು ಅಂತ ಒಂದೇ ವಿಷಯ ಹಿಡಿದು ಕೂತರು. 1996ರಲ್ಲಿ ಕ್ಯೂಬಾ ಮೇಲಿನ ದಿಗ್ಬಂಧನ ಕಾನೂನಾಗಿಯೇ ಗಟ್ಟಿಯಾಯಿತು.

ಊರಲ್ಲಿ ಇದನ್ನೆಲ್ಲ ನೀನು ಕಂಡವನೇ. ಹೊರಗಿನ ಅಡಿಕೆ ಬಂದರೆ ಮಂಡಿಯಲ್ಲಿ ನಮ್ಮ ರಾಶಿ ಇಡಿ ಅಡಿಕೆಯ ರೇಟು ಏನಾಗುತ್ತೆ ಅಂತ ನಿನಗೆ ಹೇಳಬೇಕಾ? ಬೆಳೆಗಾರರು, ಮ್ಯಾಮ್ಕೋಸ್, ಕ್ಯಾಂಪ್ಕೋದಂಥ ಅಡಿಕೆ ಸಹಕಾರ ಸಂಘಗಳು ಎಲ್ಲ ದೆಹಲಿಗೆ ಅಲೆದು, ಆಮದು ಅಡಿಕೆಯ ಕನಿಷ್ಠ ಬೆಲೆ (ಅದಕ್ಕಿಂತ ಅಗ್ಗದ್ದನ್ನು ಒಳಗೆ ಬಿಡುವುದಿಲ್ಲ) 2017ರಲ್ಲಿ ಕೆಜಿಗೆ 251 ರೂಪಾಯಿ, 2023ರಲ್ಲಿ 351 ಆಯಿತು. ನಡುವೆ 2022ರಲ್ಲಿ ಭೂತಾನದ 17,000 ಟನ್ ಹಸಿ ಅಡಿಕೆಗೆ ಮಾತ್ರ ಆ ಬೆಲೆಯ ಕಟ್ಟು ಬಿಟ್ಟರು. ಚೀನಾದ ಪಕ್ಕದಲ್ಲಿರುವ ನೆಂಟನನ್ನು ದೆಹಲಿ ಯಾಕೆ ನೋಯಿಸುತ್ತೆ? ಅಲ್ಲಿಗೆ ನಮ್ಮವರ ಕೂಗು ಮುಟ್ಟಲಿಲ್ಲ ಅಂತ ನನ್ನ ಲೆಕ್ಕ.

ಆ ವರ್ಷ ತಮ್ಮ ಫೋನಿನಲ್ಲಿ ಬೈದುಕೊಂಡ. ನಾನು ಕೇಳಿದೆ, ಅಷ್ಟೇ. ಇಲ್ಲಿ ಭಾರತದ ಬಗ್ಗೆ ಸಂಸದರಿಗೆ ಬುದ್ಧಿ ಹೇಳುವ ನನಗೆ ಊರಲ್ಲಿ ಮತವಿಲ್ಲ. ಇಲ್ಲಿಯ ಪೌರತ್ವ ತಗೊಂಡರೆ ಅಲ್ಲಿಯದು ಹೋಗುತ್ತೆ. ಭಾರತ ಮೂಲದ ವಿದೇಶಿ ಪೌರರಿಗೆ ಅಂತ ಓಸಿಐ ಕಾರ್ಡ್ ಕೊಡುತ್ತಾರೆ, ಆದರೆ ಅದರಲ್ಲಿ ಕೃಷಿ ಜಮೀನು ಕೊಳ್ಳುವಂತಿಲ್ಲ. ನಮ್ಮ ತೋಟಕ್ಕೆ ತಾಗಿಕೊಂಡೇ ಇದ್ದ, ಹಳ್ಳದ ನೀರಿನ ಅರ್ಧ ಎಕರೆ ಮಾರಾಟಕ್ಕೆ ಬಂದಾಗ ದುಡ್ಡಿದ್ದೂ ಬೇರೆಯವರ ಪಾಲಾಯಿತು. ಅದು ಇನ್ನೂ ಚುಚ್ಚುತ್ತೆ. ನೀನು ಗ್ರೀನ್ ಕಾರ್ಡ್ ದಾಟಿ ಮುಂದೆ ಹೋಗುವಾಗ ಅಪ್ಪನ ಹತ್ತಿರ ತೋಟದ ವಿಷಯ ಮೊದಲೇ ಮಾತಾಡು.

ಸಭೆಗೆ ಹೋಗು, ಬೇಡ ಅನ್ನಲ್ಲ. ಊಟ ಚೆನ್ನಾಗಿರುತ್ತೆ.