ಸಮುದ್ರದ ನೀರಿನ ಟ್ಯಾಂಕಿನಲ್ಲಿರುವ ಟಾರ್ಚ್ ಕೋರಲ್ (ಉದ್ದ ಬೆರಳಿನಂಥ ಎಳೆಗಳ ಹವಳ) ಎರಡು ವಾರದಿಂದ ಬಿಚ್ಚಿಕೊಳ್ಳುತ್ತಿಲ್ಲ, ಮೀನುಗಳು ಚೆನ್ನಾಗಿವೆ. ಯಾವ ಸಪ್ಲಿಮೆಂಟ್ ಹಾಕಲಿ?

ಯಾವುದನ್ನೂ ಹಾಕಬೇಡಿ. ಅಂಗಡಿಗೆ ಹೊರಟಿದ್ದರೆ ಕಾರಿನ ಕೀ ವಾಪಸ್ ಇಡಿ.

ಆಲ್ಕಲಿನಿಟಿ (ನೀರು ಆಮ್ಲವನ್ನು ತಡೆಯುವ ಶಕ್ತಿ) 9.3, ಕ್ಯಾಲ್ಸಿಯಂ 480, ಮೆಗ್ನೀಸಿಯಂ 1470, ಉಪ್ಪು 1.026 (ಸಾದಾ ನೀರಿಗೆ ಹೋಲಿಸಿದ ಸಾಂದ್ರತೆ, ಹೆಚ್ಚುಕಮ್ಮಿ ಸಮುದ್ರದ ಮಟ್ಟ) ಅಂತ ಬರೆದಿದ್ದೀರಿ. ಓದುತ್ತಿದ್ದಂತೆ ನನ್ನದೇ ಹಳೇ ನೋಟ್‌ಬುಕ್ ಯಾರೋ ಕದ್ದು ಓದಿದ ಹಾಗಾಯಿತು. ನಾನೂ ಹೆಚ್ಚುಕಮ್ಮಿ ಇದೇ ನಂಬರ್ ಬರೆದುಕೊಂಡು, ಪಕ್ಕದಲ್ಲಿ "ಎಲ್ಲಾ ಓಕೆ" ಅಂತ ಟಿಕ್ ಹಾಕಿಕೊಂಡು ಮೂರು ತಿಂಗಳು ಕಳೆದವನು.

ನಾನಿರುವುದು ನ್ಯೂಜೆರ್ಸಿಯಲ್ಲಿ. ಹಾಲ್‌ನಲ್ಲಿ 40 ಗ್ಯಾಲನ್ ಟ್ಯಾಂಕ್ ಇದೆ. ಕಲ್ಲು, ಮರಳು ಕಳೆದರೆ ಸುಮಾರು 130 ಲೀಟರ್ ನೀರು. ಅದರಲ್ಲಿ ಮೂರು ತಲೆಯ ಟಾರ್ಚ್ ಇತ್ತು, ಅಂದರೆ ಒಂದೇ ಬುಡದಿಂದ ಕವಲೊಡೆದ ಮೂರು ಹವಳದ ಜೀವಿಗಳು. ಹಸಿರು ಬೆರಳು, ತುದಿ ನೇರಳೆ. ಸಂಜೆ ಕಾಫಿ ಹಿಡಿದು ಅದರ ಮುಂದೆ ಕೂತರೆ ಟಿವಿ ನೆನಪಾಗುತ್ತಿರಲಿಲ್ಲ. ಒಂದು ದಿನ ಬೆರಳುಗಳು ಸ್ವಲ್ಪ ಗಿಡ್ಡ ಕಂಡವು. ವಾರದ ಮೇಲೆ ಇನ್ನೂ ಗಿಡ್ಡ. ಆಮೇಲೆ ಒಂದು ತಲೆಯ ಅಂಚಿನಲ್ಲಿ ಮಾಂಸ ಹಿಂದೆ ಸರಿದು, ಉಗುರಿನ ತುದಿಯಷ್ಟು ಬಿಳಿ ಎಲುಬು ಇಣುಕಿತು.

ನೀವು ಈಗ ಏನು ಮಾಡಲು ಹೊರಟಿದ್ದೀರೋ ಅದೆಲ್ಲ ನಾನು ಮಾಡಿದೆ. ಮೇಲಿಟ್ಟೆ, ಕೆಳಗಿಟ್ಟೆ, ಮೂಲೆಗೆ ತಳ್ಳಿದೆ. ಪಂಪ್ ತಿರುಗಿಸಿದೆ. ಲೈಟ್ ಇಳಿಸಿದೆ. ಎರಡು ಸಲ ಅಯೋಡಿನ್ ನೀರಿನಲ್ಲಿ ಅದ್ದಿದೆ. ಅಮೈನೋ ಆಸಿಡ್ ಬಾಟಲಿ ತಂದು ಹನಿ ಲೆಕ್ಕದಲ್ಲಿ ಹಾಕಿದೆ. ದಿನಕ್ಕೊಂದು ಪ್ರಯೋಗ. ಆರೋಗ್ಯವಾಗಿದ್ದ ಕೋರಲ್ ಆಗಿದ್ದರೂ ಆ ಕಾಟಕ್ಕೇ ಮುದುಡಿಕೊಳ್ಳುತ್ತಿತ್ತು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಉಪ್ಪು ಅಳೆಯಲು ನನ್ನ ಹತ್ತಿರ ಕೈಯಲ್ಲಿ ಹಿಡಿಯುವ ಅಗ್ಗದ ರಿಫ್ರ್ಯಾಕ್ಟೋಮೀಟರ್ ಇತ್ತು. ಗಾಜಿನ ಮೇಲೆ ಎರಡು ಹನಿ ಹಾಕಿ, ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು ನೋಡಿದರೆ ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಸೇರುವ ಗೆರೆ ಎಲ್ಲಿದೆಯೋ ಅದೇ ಉಪ್ಪಿನ ಅಳತೆ. ಇದನ್ನು ಆಗಾಗ ಸರಿಪಡಿಸಿಕೊಳ್ಳಬೇಕು ಅನ್ನುವುದು ನನಗೆ ಗೊತ್ತಿತ್ತು. ಉಪ್ಪೆಲ್ಲ ಸೋಸಿ ತೆಗೆದ ಆರ್‌ಓ ನೀರು ಹಾಕುತ್ತಿದ್ದೆ, ಗೆರೆ ಸರಿಯಾಗಿ ಸೊನ್ನೆಯಲ್ಲಿ ನಿಲ್ಲುತ್ತಿತ್ತು. ಖುಷಿ. ಮೀಟರ್ ಸರಿಯಿದೆ ಅಂದುಕೊಳ್ಳುತ್ತಿದ್ದೆ.

ಸೊನ್ನೆಯಲ್ಲಿ ಸರಿಯಿದ್ದರೆ 35ರಲ್ಲೂ, ಅಂದರೆ ಸಮುದ್ರದ ನೀರಿನ ಮಟ್ಟದಲ್ಲೂ, ಸರಿ ಇರಬೇಕು ಅಂತ ಏನೂ ಇಲ್ಲ! ದರ್ಜಿಯ ಹಳೇ ಟೇಪ್ ಹಿಗ್ಗಿಹೋಗಿದೆ ಅಂದುಕೊಳ್ಳಿ. ಅದರ ಸೊನ್ನೆ ಯಾವತ್ತೂ ಸೊನ್ನೆಯಲ್ಲೇ ಇರುತ್ತದೆ. ಆದರೆ ಸೊಂಟ 40 ಇಂಚು ಇದ್ದರೆ 35 ಅಂತ ಸುಳ್ಳು ಹೇಳುತ್ತದೆ. ನನ್ನ ಮೀಟರ್ ಮಾಡಿದ್ದೂ ಅದನ್ನೇ. ಸಮುದ್ರದ ನೀರು ಅಂದರೆ ಕಿಲೋಗೆ ಸುಮಾರು 35 ಗ್ರಾಂ ಉಪ್ಪು. ಅದು 35 ತೋರಿಸುವಾಗ ನಿಜಕ್ಕೂ ಟ್ಯಾಂಕಿನಲ್ಲಿದ್ದದ್ದು 39.5. ನಾನು ಪ್ರತಿ ವಾರ ನೀರು ಬದಲಾಯಿಸುವಾಗ ಅದೇ ಸುಳ್ಳು ಮೀಟರ್ ನೋಡಿಕೊಂಡು, ಶ್ರದ್ಧೆಯಿಂದ, ಅಷ್ಟೇ ಉಪ್ಪಿನ ಹೊಸ ನೀರು ಕಲಸಿ ಸುರಿಯುತ್ತಿದ್ದೆ.

ಹೊಟ್ಟೆ ಉರಿಯುವುದು ಏಕೆಂದರೆ, ಉತ್ತರ ನನ್ನ ನೋಟ್‌ಬುಕ್ಕಿನಲ್ಲೇ ಇತ್ತು. ನಾನು ಟ್ಯಾಂಕಿಗೆ ಬಳಸುವ ಸಮುದ್ರದ ಉಪ್ಪಿನ ಪ್ಯಾಕೆಟ್ ಮೇಲೆ, 35ಕ್ಕೆ ಕಲಸಿದರೆ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300 ಬರುತ್ತದೆ ಅಂತ ಬರೆದಿತ್ತು. ನನಗೆ ಬರುತ್ತಿದ್ದದ್ದು 475 ಮತ್ತು 1470. ಎರಡೂ ಶೇ. 13ರಷ್ಟು ಜಾಸ್ತಿ. ಒಂದೇ ಏರಿದ್ದರೆ ಟೆಸ್ಟ್ ಕಿಟ್ ಮೇಲೆ ಅನುಮಾನ ಪಡಬಹುದು. ಎಲ್ಲಾ ಒಟ್ಟಿಗೆ, ಒಂದೇ ಲೆಕ್ಕದಲ್ಲಿ ಏರಿದರೆ ಉಪ್ಪೇ ಜಾಸ್ತಿ ಇದೆ ಅಂತ ಅರ್ಥ. ಅದು ನನ್ನ ತಲೆಗೆ ಹೊಳೆಯಲಿಲ್ಲ. ಕೊನೆಗೆ ಗೆಳೆಯನೊಬ್ಬ ತನ್ನ ಕಂಡಕ್ಟಿವಿಟಿ ಪೆನ್ (ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ನೋಡಿ ಉಪ್ಪು ಅಳೆಯುವ ಮೀಟರ್) ತಂದು ನೀರಿಗೆ ಅದ್ದಿ, ನನ್ನ ಮುಖ ನೋಡಿ, "ಲೋ, ಇದು ಕೆಂಪು ಸಮುದ್ರ ಕಣೋ" ಅಂದ, ಅಂದರೆ ಅಷ್ಟು ಉಪ್ಪು. ಅಷ್ಟರಲ್ಲಿ ಎರಡು ತಲೆ ಹೋಗಿದ್ದವು.

ನಿಮ್ಮ ನಂಬರ್‌ಗಳೂ ಹಾಗೇ ಒಟ್ಟಿಗೆ ಏರಿವೆ, ಅಲ್ವಾ? ಕೆಲವು ಬ್ರ್ಯಾಂಡ್‌ಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಂತಲೇ ಜಾಸ್ತಿ ಹಾಕಿರುತ್ತವೆ, ಅದಕ್ಕೇ ಮೊದಲು ನಿಮ್ಮ ಪ್ಯಾಕೆಟ್ ಓದಿ. ಆಮೇಲೆ ಇವತ್ತು ರಾತ್ರಿಯೇ ಮೀಟರ್ ಪರೀಕ್ಷೆ ಮಾಡಿ. 35ರ ಕ್ಯಾಲಿಬ್ರೇಶನ್ ದ್ರವ ಕೊಳ್ಳಲು ಸಿಗುತ್ತದೆ, ಆದರೆ ಅಡುಗೆಮನೆಯಲ್ಲೂ ಆಗುತ್ತದೆ. ಅಡುಗೆಯ ಒಣಗಿದ ಪುಡಿ ಉಪ್ಪು 36.5 ಗ್ರಾಂ, ಆರ್‌ಓ ನೀರು 963.5 ಗ್ರಾಂ. ಎರಡನ್ನೂ ತೂಕ ಮಾಡಿ, ಚಮಚದ ಅಳತೆ ಬೇಡ. ಪೂರ್ತಿ ಕರಗಿಸಿ. ಈ ನೀರಿನಲ್ಲಿ ಬೆಳಕು ಬಾಗುವುದು 35ರ ಸಮುದ್ರದ ನೀರಿನಲ್ಲಿ ಬಾಗುವಷ್ಟೇ. ಗಾಜಿನ ಮೇಲೆ ಹನಿ ಹಾಕಿ ಅರ್ಧ ನಿಮಿಷ ಬಿಟ್ಟು ನೋಡಿ. ಗೆರೆ 35ರಲ್ಲಿ ಇಲ್ಲದಿದ್ದರೆ ಸ್ಕ್ರೂ ತಿರುಗಿಸಿ ಅಲ್ಲಿಗೆ ತನ್ನಿ. ಆರ್‌ಓ ನೀರಿನಿಂದ ಸರಿ ಮಾಡುವ ಅಭ್ಯಾಸ ಬಿಟ್ಟುಬಿಡಿ. ಇದು ರಿಫ್ರ್ಯಾಕ್ಟೋಮೀಟರ್‌ಗೆ ಮಾತ್ರ, ಕಂಡಕ್ಟಿವಿಟಿ ಪೆನ್‌ಗೆ ಇದೇ ನೀರು ನಡೆಯಲ್ಲ.

"ಮೀನು ಚೆನ್ನಾಗಿವೆ, ಹಾಗಾಗಿ ನೀರಿನ ತೊಂದರೆ ಇರಲಾರದು" ಅಂದಿದ್ದೀರಿ. ಈ ಮಾತು ನಾನು ಒಪ್ಪಲ್ಲ. ನಿಮ್ಮ ಕ್ಲೌನ್ ಮೀನು ತನ್ನ ಮೈಯೊಳಗಿನ ಉಪ್ಪನ್ನು ತಾನೇ ಹಿಡಿತದಲ್ಲಿ ಇಟ್ಟುಕೊಳ್ಳುತ್ತದೆ, ಜಾಸ್ತಿಯಾದದ್ದನ್ನು ಕಿವಿರಿನಿಂದ ಹೊರಹಾಕುತ್ತದೆ. ಕೋರಲ್‌ಗೆ ಆ ಸೌಕರ್ಯ ಇಲ್ಲ. ಹೊರಗೆ ಎಷ್ಟು ಉಪ್ಪೋ ಒಳಗೂ ಅಷ್ಟೇ. ಮೀನು ಕುಣಿಯುತ್ತಿರುವಾಗಲೇ ಕೋರಲ್ ಸಾಯಬಹುದು.

ಉಪ್ಪು ಜಾಸ್ತಿ ಅಂತ ಗೊತ್ತಾದರೆ ಒಂದೇ ದಿನ ಇಳಿಸಬೇಡಿ. ನಾನು ದಿನಾ ಒಂದೂವರೆ ಲೀಟರ್ ಟ್ಯಾಂಕಿನ ನೀರು ತೆಗೆದು, ಅಷ್ಟೇ ಆರ್‌ಓ ನೀರು ನಿಧಾನಕ್ಕೆ ಹಾಕಿದೆ. ಹತ್ತು ದಿನಕ್ಕೆ 35ಕ್ಕೆ ಬಂತು. ಅದರ ಜೊತೆ ಆಲ್ಕಲಿನಿಟಿಯೂ ಇಳಿಯುತ್ತದೆ, ಗಾಬರಿಯಾಗಿ ಏನನ್ನೋ ಸುರಿಯಬೇಡಿ. ಈ ಹತ್ತು ದಿನ ಕೋರಲ್‌ಗೆ ಕೈ ಹಚ್ಚಬೇಡಿ. ಲೈಟ್ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಲ್ಲ, ಅದೂ ಬೇಡ.

ಒಂದೇ ಒಂದು ಸಂದರ್ಭದಲ್ಲಿ ಕಾಯಬಾರದು. ಯಾವುದಾದರೂ ತಲೆಯ ಮೇಲೆ ಕಂದು ಲೋಳೆ ಬಂದು, ಹೊರಗೆ ತೆಗೆದಾಗ ಕೊಳೆತ ವಾಸನೆ ಹೊಡೆದರೆ, ಆ ತಲೆಯನ್ನು ತಕ್ಷಣ ಕತ್ತರಿಸಿ ಟ್ಯಾಂಕಿನಿಂದ ಆಚೆ ಹಾಕಿ. ಅದು ಪಕ್ಕದ ತಲೆಗೆ ಬೇಗ ಹಬ್ಬುತ್ತದೆ. ನನ್ನ ಎರಡನೇ ತಲೆ ಹೋದದ್ದು ಹಾಗೆ. ರಾತ್ರಿ ನೋಡಿ, ಬೆಳಗ್ಗೆ ನೋಡೋಣ ಅಂದೆ.

ಇದನ್ನು ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಟಾರ್ಚ್ ತರಹದ ಕಲ್ಲು ಹವಳ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಷೆಡ್ಯೂಲ್‌ನಲ್ಲಿದೆ, ಹುಲಿ ಇರುವ ಅದೇ ಪಟ್ಟಿ. ಮನೆಯಲ್ಲಿ ಇಡುವ ಆಸೆ ಬೇಡ. ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗಿ ನೋಡಿ, ನಾನು ಮೊದಲ ಸಲ ಹವಳ ನೋಡಿದ್ದೂ ಅಲ್ಲೇ.

ಉಳಿದ ಆ ಒಂದು ತಲೆ ಉಪ್ಪು ಸರಿಯಾದ ಮೂರನೇ ವಾರಕ್ಕೆ ಬೆರಳು ಚಾಚಿತು. ಮುಂದಿನ ವರ್ಷ ನಡುವೆ ಸೀಳಿ ಎರಡಾಯಿತು. ನಿಮ್ಮ ಮೀಟರ್ ಎಷ್ಟು ತೋರಿಸಿತು ಅಂತ ಕೆಳಗೆ ಬರೆಯಿರಿ.